ಎಡಕ್ಕೆ ತಿರುಗದ ಬಾಲ್

ಬಾಲ್‌ಗೆ ತೂತು ಕೊರೆಯುವುದು ನನ್ನ ಕೆಲಸವಾಗಿತ್ತು. ಹೀಗೆಂದರೆ ಜನ ನನ್ನ ಮುಖವನ್ನೇ ನೋಡುತ್ತಾರೆ. ನಗಬೇಡಿ, ಜೆ.ಪಿ. ನಗರದ ಬೌಲಿಂಗ್ ಸೆಂಟರ್‌ನಲ್ಲಿ ಆ ಕೆಲಸ ಮಾಡಿಯೇ ನನ್ನ ಕೂದಲು ಬೆಳ್ಳಗಾಗಿದ್ದು. ಉದ್ದನೆಯ ಮರದ ಹಾದಿ, ಅದರ ತುದಿಯಲ್ಲಿ ಹತ್ತು ಪಿನ್ನು, ಈ ಕಡೆಯಿಂದ ಒಂದು ಭಾರದ ಚೆಂಡು ಉರುಳಿಸಿ ಅವನ್ನು ಕೆಡವಬೇಕು. ಆಟ ಅಷ್ಟೇ. ಆದರೆ ಆ ಚೆಂಡಿನಲ್ಲಿ ಮೂರು ತೂತಿರುತ್ತವಲ್ಲ, ಎರಡು ಬೆರಳಿಗೆ, ಒಂದು ಹೆಬ್ಬೆರಳಿಗೆ, ಅವು ಆಡುವವರ ಕೈಗೆ ಸರಿಯಾಗಿ ಕೂರಬೇಕು. ಅದಕ್ಕೆ ಮೊದಲು ಕೈ ಅಳೆಯಬೇಕು.

ನಮ್ಮತ್ತೆಗೆ ಇದು ಸುತರಾಂ ಹಿಡಿಸಲಿಲ್ಲ. ಹೊಸಕೆರೆಹಳ್ಳಿ ಕೆರೆ ಹಿಂದೆ ಸೊಪ್ಪು ಬೆಳೆದು ಬದುಕಿದ ಹೆಂಗಸು ಅವರು. ಜಮೀನು ಲೇಔಟಾಗಿ ಮನೆಗಳನ್ನು ಬಾಡಿಗೆಗೆ ಕೊಟ್ಟುಕೊಂಡಿದ್ದ ಕಾಲಕ್ಕೂ ಮಾತಿನ ಖಾರ ಇಳಿದಿರಲಿಲ್ಲ. "ಬೆಳಗಿಂದ ಸಾಯಂಕಾಲದವರ್ಗೂ ಗಂಡಸ್ರ ಕೈ ಹಿಡ್ಕೊಂಡು ಕೂತ್ಕೊಳ್ಳೋದೂ ಒಂದು ಕೆಲ್ಸಾನಾ ಭಾಗ್ಯ?" ಎನ್ನುತ್ತಿದ್ದರು. "ನೀವೂ ಬನ್ನಿ ಅತ್ತೆ, ನಿಮ್ ಕೈಗೂ ಒಂದು ಕೊರ್ದು ಕೊಡ್ತೀನಿ" ಎಂದರೆ ಮೂರು ದಿನ ಮಾತು ಬಿಡುತ್ತಿದ್ದರು. ಮನೆಗೆ ನೆಮ್ಮದಿ.

ನನಗೆ ಕೆಲಸ ಕಲಿಸಿದ್ದು ರಾಯಪ್ಪ ಮಾಸ್ಟರ್. ಬೈಗುಳವಿಲ್ಲದೆ ಒಂದು ಪಾಠವೂ ಮುಗಿಯುತ್ತಿರಲಿಲ್ಲ. ಬಾಲ್‌ಗಳ ಸಾಲಿನ ಮುಂದೆ ನಿಂತು ನಾನು ಬಾಯಿ ಬಿಟ್ಟರೆ ಸಾಕು, ಗದರುವರು. "ಏನಮ್ಮಾ ಬಾಲ್ ನೋಡ್ತೀಯ? ಸೀರೆ ಅಂಗಡಿನಾ ಇದು? ಫಸ್ಟು ಕೈ ನೋಡು, ಆಮೇಲೆ ಎಣ್ಣೆ ನೋಡು, ಲಾಸ್ಟಿಗೆ ಬಾಲ್ ನೋಡು." ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರೆ, ಇಷ್ಟು ಮಾತನ್ನು ಗಂಟು ಹಾಕಿಕೊಳ್ಳಿ. ಉಳಿದದ್ದು ಮೆಷೀನ್ ಕಲಿಸುತ್ತದೆ.

ಎಣ್ಣೆ ಅಂದೆನಲ್ಲ, ಅದು ಲೇನಿಗೆ ಹಚ್ಚುವ ಎಣ್ಣೆ. ಕಣ್ಣಿಗೆ ಕಾಣುವುದಿಲ್ಲ. ಲೇನಿನ ಮುಂಭಾಗಕ್ಕೆ ಹಚ್ಚುತ್ತಾರೆ, ಪಿನ್ನುಗಳ ಹತ್ತಿರದ ಭಾಗ ಒಣಗಿರುತ್ತದೆ. ಎಣ್ಣೆಯ ಮೇಲೆ ಬಾಲ್ ಜಾರುತ್ತದೆ, ಒಣ ಜಾಗ ಸಿಕ್ಕ ಕೂಡಲೇ ನೆಲ ಕಚ್ಚಿ ತಿರುಗುತ್ತದೆ. ಬಲಗೈಯವರ ಬಾಲ್ ತಿರುಗುವುದು ಎಡಕ್ಕೆ, ಎಡಗೈಯವರದು ಬಲಕ್ಕೆ. ಎಣ್ಣೆ ಜಾಸ್ತಿ ಇದ್ದ ದಿನ ಹೊಳಪಿನ ಬಾಲ್ ಹಿಡಿದರೆ ಅದು ಕೆಂಪು ಗಾರೆ ನೆಲದ ಮೇಲೆ ಒದ್ದೆ ಕಾಲಿಟ್ಟ ಹಾಗೆ ನೆಟ್ಟಗೆ ಜಾರಿ ಹೋಗುತ್ತದೆ. ಅಂಥ ದಿನ ಮೈ ಒರಟಾದ, ಸ್ಯಾಂಡ್ ಪೇಪರ್ ಕಂಡ ಬಾಲ್ ಬೇಕು. ಲೇನ್ ಒಣಗಿದ್ದರೆ ಹೊಳಪಿನದೇ ವಾಸಿ, ಇಲ್ಲದಿದ್ದರೆ ಅರ್ಧ ದಾರಿಯಲ್ಲೇ ತಿರುಗಿ ಪಕ್ಕದ ಕಾಲುವೆಗೆ ಬೀಳುತ್ತದೆ. ಮೆಲ್ಲಗೆ ಎಸೆಯುವವರಿಗೆ ಒಂದು, ರಭಸದವರಿಗೆ ಇನ್ನೊಂದು. ಬಣ್ಣ ನೋಡಿ ಬಾಲ್ ಆರಿಸುವವರಿಗೆ ಯಾವುದಾದರೇನು?

ನಾನು ಎಡವದೆ ಕಲಿತವಳಲ್ಲ. ಮಡಿವಾಳ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದ ಒಬ್ಬ ಪೈಲ್ವಾನರು ಬಂದಿದ್ದರು. ತೋಳು ನೋಡಿ ಬೆರಗಾಗಿ ಎಲ್ಲಕ್ಕಿಂತ ಭಾರದ್ದನ್ನೇ ಕೊಟ್ಟೆ, ಹೆಬ್ಬೆರಳಿನ ತೂತನ್ನು ಬಿಗಿಯಾಗಿಯೇ ಕೊರೆದೆ. ಎಸೆದರು. ಬಾಲ್ ಅವರನ್ನು ಬಿಡಲಿಲ್ಲ, ಅವರೂ ಬಾಲನ್ನು ಬಿಡಲಿಲ್ಲ. ಇಬ್ಬರೂ ಸೇರಿ ಲೇನಿನ ಮೇಲೆ ಬೋರಲು ಬಿದ್ದು ಜಾರಿದರು. ಎದ್ದವರು ಅಂಗಿ ಕೊಡವಿಕೊಂಡು, "ಅಕ್ಕಾ, ಪಿನ್ನಿನವರ್ಗೂ ಹೋಗಿದ್ರೆ ನನ್ ತಲೇಲೇ ಬೀಳಿಸ್ಬಿಡ್ತಿದ್ದೆ" ಎಂದರು. ಕೈಯ ಬಲಕ್ಕೂ ಹೆಬ್ಬೆರಳಿನ ಊತಕ್ಕೂ ಸಂಬಂಧವಿಲ್ಲವೆಂದು ಆವತ್ತು ತಿಳಿಯಿತು. ಹೆಬ್ಬೆರಳು ಬಿಸಿಲಿಗೆ ಊದುತ್ತದೆ, ಚಳಿಗೆ ಸೊರಗುತ್ತದೆ, ಬೆಳಿಗ್ಗೆ ಅಳೆದದ್ದು ಸಂಜೆಗೆ ಇರುವುದಿಲ್ಲ.

ಆಮೇಲೆ ಕಾಲ ಬದಲಾಯಿತು. ನಾವು ಕೈಯಲ್ಲಿ ಹಚ್ಚುತ್ತಿದ್ದ ಎಣ್ಣೆಯನ್ನು ಮೆಷೀನ್ ಹಚ್ಚತೊಡಗಿತು, ಕೈಯ ಅಳತೆ ಕಂಪ್ಯೂಟರಿಗೆ ಹೋಯಿತು. ಮಾಸ್ಟರ್ ಕೆಲಸ ಬಿಟ್ಟು ಹೋದರು. ನಾನೊಬ್ಬಳು ಮಾತ್ರ ಆಗಲೂ ಕೈಯನ್ನು ಕೈಯಲ್ಲೇ ಹಿಡಿದು ನೋಡುತ್ತಿದ್ದೆ. ಆ ಅಭ್ಯಾಸ ಇಲ್ಲದೆ ಹೋಗಿದ್ದರೆ ಮುಂದೆ ಹೇಳುವ ವಿಷಯ ನನಗೆ ಗೊತ್ತೇ ಆಗುತ್ತಿರಲಿಲ್ಲ. ಗೊತ್ತಾಗದಿದ್ದರೆ ಒಳ್ಳೆಯದಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ.

ಸುಧೀಂದ್ರ ಅಂತ ಒಬ್ಬರು ಆಡಲು ಬರುತ್ತಿದ್ದರು. ಜಯನಗರದವರು, ಇನ್ಶೂರೆನ್ಸ್ ಆಫೀಸಿನಲ್ಲಿದ್ದು ನಿವೃತ್ತರಾದವರು. ಎಡಗೈ ಆಟಗಾರ. ಎಸೆಯುವ ಮುಂಚೆ ಎಡ ಹೆಗಲು ಸ್ವಲ್ಪ ತಗ್ಗಿಸುವರು, ಎಸೆದ ಮೇಲೆ ಬಗ್ಗಿಕೊಂಡೇ ನಿಂತು ಪಿನ್ನಿಗೆ "ಬೀಳಪ್ಪ, ಬೀಳು" ಎಂದು ಬೇಡಿಕೊಳ್ಳುವರು. ರಾಜ್ಯ ತಂಡದಲ್ಲಿ ಒಂದು ಸಲ ಆಡಬೇಕೆಂಬುದು ಅವರ ಜೀವನದ ಆಸೆ. ಹಿರಿಯರ ವಿಭಾಗಕ್ಕೆ ಬಂದ ಮೇಲೂ ಪ್ರತಿ ವರ್ಷ ಆಯ್ಕೆಗೆ ಬಂದು ಪ್ರತಿ ವರ್ಷ ಕೂದಲೆಳೆಯಲ್ಲಿ ಅವಕಾಶ ಕಳೆದುಕೊಳ್ಳುತ್ತಿದ್ದರು. ಆ ವರ್ಷ ಗೌರಿ ಹಬ್ಬ ಕಳೆದ ಮೇಲೆ ಎದೆ ಹಿಡಿದುಕೊಂಡವರು ಮತ್ತೆ ಏಳಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಅವರ ಹೆಂಡತಿ ವಿಮಲಮ್ಮ ಆಟೋದಲ್ಲಿ ಬಂದು ಅವರ ಬಾಲ್ ನನ್ನ ಮೇಜಿನ ಮೇಲಿಟ್ಟರು. ಕಡು ಕೆಂಪಿನ, ಮೈ ಒರಟಾದ ಒಳ್ಳೆಯ ಬಾಲ್. "ಯಾರಾದ್ರೂ ಆಡೋರಿಗೆ ಕೊಟ್ಬಿಡಿ ಭಾಗ್ಯ. ಮನೇಲಿ ಇಟ್ಕೊಳ್ಳೋಕಾಗ್ತಿಲ್ಲ" ಎಂದರು. ಸತ್ತವರ ವಸ್ತು ನೋಡಿದರೆ ಸಂಕಟ ಆಗುವುದು ಸಹಜ. ಹೆಚ್ಚು ಕೇಳಲಿಲ್ಲ.

ಆಯುಧಪೂಜೆಗೆ ನಮ್ಮಲ್ಲಿ ಎಲ್ಲ ಬಾಲ್‌ಗಳನ್ನೂ ಸಾಲಾಗಿ ಜೋಡಿಸಿ ಅರಿಶಿನ ಕುಂಕುಮ ಇಟ್ಟು ಸೇವಂತಿಗೆ ಏರಿಸುತ್ತಿದ್ದೆವು. ಕ್ಲೀನಿಂಗಿನವರು ಸುಧೀಂದ್ರ ಅವರ ಬಾಲನ್ನೂ ಆ ಸಾಲಿಗೆ ಸೇರಿಸಿ, ಊದುಬತ್ತಿ ಸಿಕ್ಕಿಸಲು ಬಾಳೆಹಣ್ಣು ಸಾಲದೆಂದು ಅದರ ಹೆಬ್ಬೆರಳಿನ ತೂತಿಗೇ ಸಿಕ್ಕಿಸಿದ್ದರು. ಭಟ್ಟರು ಮಂತ್ರ ಹೇಳಿ ಮಂಗಳಾರತಿ ಮಾಡಿದರು. ಪೂಜೆಗಿಟ್ಟದ್ದನ್ನು ಮರುದಿನ ಕದಲಿಸುವ ತನಕ ಮುಟ್ಟಬಾರದು. ಕಳಶ ಇಟ್ಟು ದೇವರನ್ನು ಕರೆದ ಮೇಲೆ ಕೊಂಚ ಅಲುಗಿಸಿ "ಹೋಗಿ ಬಾ" ಎಂದು ಕಳಿಸಿಕೊಡುತ್ತೇವಲ್ಲ, ಅದೇ ಶಾಸ್ತ್ರ.

ಆ ಮಧ್ಯಾಹ್ನವೇ ಅಕ್ಷತಾ ಬಂದಳು. ಧಾರವಾಡದ ಕಡೆಯ ಹುಡುಗಿ, ಬಿ.ಟಿ.ಎಂ.ನಲ್ಲಿ ರೂಮು ಮಾಡಿಕೊಂಡು ಯಾವುದೋ ಆಫೀಸಿನಲ್ಲಿ ಕೆಲಸದಲ್ಲಿದ್ದವಳು. ಬಲಗೈ ಆಟ, ಚೊಕ್ಕವಾಗಿತ್ತು. ಆದರೆ ಅವಳ ಬಳಿ ಇದ್ದದ್ದು ಹೊಳಪಿನ ಪ್ಲಾಸ್ಟಿಕ್ ಬಾಲ್, ರಾಜ್ಯ ತಂಡದ ಆಯ್ಕೆಯ ದಿನ ಹಚ್ಚುವುದೋ ದಂಡಿಯಾಗಿ ಎಣ್ಣೆ. "ಅಕ್ಕಾರ, ಟೀಮಿನ್ಯಾಗ ಹೆಸರು ಬಂದ್ರ ಇಲ್ಲೇ ಇರಬೌದ್ರಿ. ಇಲ್ಲಾಂದ್ರ ಅಪ್ಪಾ ಅಂಗಡ್ಯಾಗ ಕುಂದ್ರಸ್ತಾರ. ಒಮ್ಮೆರ ನನ್ನ ಕೈಲೆ ಆಡಿ ಗೆಲ್ಲಬೇಕ್ರಿ" ಎಂದಿದ್ದಳು. ಆ ಮಾತು ಹೇಳುವಾಗ ಅವಳ ಕಣ್ಣು ತುಂಬಿದ್ದು ನನಗೆ ನೆನಪಿದೆ.

ಪೂಜೆಯ ಸಾಲಿನ ಮುಂದೆ ನಡೆದು ಹೋದವಳು ಆ ಕೆಂಪು ಬಾಲಿನ ಮುಂದೆ ನಿಂತುಬಿಟ್ಟಳು. "ಇದ ಬೇಕ್ರಿ ನನಗ."

"ನಾಳೆ ಕದಲಿಸ್ಲಿ, ಆಮೇಲೆ ನೋಡೋಣ ಕಣೆ" ಎಂದೆ. ನಮ್ಮ ಮ್ಯಾನೇಜರ್ ಅಲ್ಲೇ ಇದ್ದರು. "ಮೇಡಂ, ಶಾಸ್ತ್ರ ಎಲ್ಲ ಆಮೇಲೆ, ಕಸ್ಟಮರ್ ಫಸ್ಟು" ಎಂದು ಊದುಬತ್ತಿ ಕಿತ್ತು ಬಾಲನ್ನು ತಾವೇ ಎತ್ತಿಕೊಟ್ಟರು. ಬಾಲಿನ ಲೆಕ್ಕದಲ್ಲಿ ನೋಡಿದರೆ ಅವಳಿಗೆ ಅದಕ್ಕಿಂತ ಸರಿಯಾದದ್ದು ಇರಲಿಲ್ಲ. ತೂಕ ಸರಿ, ಮೈಯ ಒರಟು ಎಣ್ಣೆಗೆ ಸರಿ. ಹಳೆಯ ತೂತುಗಳಿಗೆ ಅಂಟುದ್ರವ ಸುರಿದು ಮುಚ್ಚಿದೆ. ಮರುದಿನ ಭಟ್ಟರು ಬಂದು ಸಾಲಿನಲ್ಲಿದ್ದವನ್ನೆಲ್ಲ ಕದಲಿಸಿ ಹೋದರು. ಅದೊಂದು ಮಾತ್ರ ನನ್ನ ಕೋಣೆಯಲ್ಲಿ ಒಣಗುತ್ತಿತ್ತು. ಅಂಟು ಗಟ್ಟಿಯಾದ ಮೇಲೆ ಬೇರೆ ಜಾಗದಲ್ಲಿ ಅವಳ ಬಲಗೈಗೆ ಹೊಸದಾಗಿ ಕೊರೆದೆ.

ಅವಳು ಮೊದಲ ಸಲ ಎಸೆದಳು. ಬಾಲ್ ಎಣ್ಣೆ ದಾಟಿತು, ಒಣ ಜಾಗಕ್ಕೆ ಹೋಯಿತು, ಅಲ್ಲಿ ಎಡಕ್ಕೆ ತಿರುಗಬೇಕಾದದ್ದು ಬಲಕ್ಕೆ ತಿರುಗಿತು. ಅವಳು ಮತ್ತೆ ಎಸೆದಳು. ಮತ್ತೆ ಬಲಕ್ಕೆ. ಬಲಗೈಯಿಂದ ಸುತ್ತಿಸಿ ಬಿಟ್ಟ ಬಾಲ್ ಹಾಗೆ ತಿರುಗಲು ಸಾಧ್ಯವೇ ಇಲ್ಲ. ಲೇನ್ ಬದಲಿಸಿದೆ, ಎಣ್ಣೆ ಒರೆಸಿಸಿ ಹೊಸದಾಗಿ ಹಚ್ಚಿಸಿದೆ, ಬಾಲಿನ ಮೈ ಉಜ್ಜಿದೆ. ಅದೇ ಲೇನಿನಲ್ಲಿ ಬೇರೆಯವರ ಬಾಲ್‌ಗಳೆಲ್ಲ ಸರಿಯಾಗಿ ತಿರುಗುತ್ತಿದ್ದವು. "ಹಳೇ ಬಾಲು, ಅದರದ್ದೇ ಒಂದು ಸ್ವಭಾವ ಇರುತ್ತೆ ಬಿಡು" ಎಂದು ಅವಳಿಗೆ ಹೇಳಿದೆ. ಹೇಳಿದ್ದು ನನ್ನ ಧೈರ್ಯಕ್ಕೆ.

ಒಂದು ಬೆಳಿಗ್ಗೆ ಜನವಿಲ್ಲದ ಹೊತ್ತು ನನ್ನ ಕೋಣೆಯಲ್ಲಿದ್ದೆ. ಲೇನಿನ ಕಡೆಯಿಂದ "ಬೀಳಪ್ಪ, ಬೀಳು" ಎಂದದ್ದು ಕೇಳಿತು. ಎದ್ದು ಹೋಗಿ ನೋಡಿದರೆ ಅಕ್ಷತಾ ಒಬ್ಬಳೇ ಬಗ್ಗಿ ನಿಂತಿದ್ದಾಳೆ. ಸುಧೀಂದ್ರ ಅವರು ಹೋದ ಮೇಲೆ ನಮ್ಮಲ್ಲಿಗೆ ಬಂದವಳು ಅವಳು, ಅವರನ್ನು ಒಮ್ಮೆಯೂ ಕಂಡವಳಲ್ಲ. "ಏನಂದೆ ಈಗ?" ಎಂದೆ. "ನಾ ಏನೂ ಅಂದಿಲ್ಲಲ್ರಿ" ಎಂದಳು.

ಶನಿವಾರ ಕೌಂಟರಿನವರು ಆಂಜನೇಯನ ಪ್ರಸಾದ ಹಂಚುತ್ತಿದ್ದಾಗ ಅವಳು ಎಡಗೈ ಚಾಚಿದಳು. "ಥೂ, ಯಾವ ಕೈಲಿ ತಗೋತೀಯ ಪ್ರಸಾದಾನ?" ಎಂದು ಮೆಲ್ಲಗೆ ಆ ಕೈಗೆ ಹೊಡೆದೆ. ಅವಳು ನಗಲಿಲ್ಲ. ಚಾಚಿದ ಕೈಯನ್ನೇ ನೋಡುತ್ತ ನಿಂತಳು, ಅದು ಯಾರದ್ದೋ ಎನ್ನುವ ಹಾಗೆ. ಆ ವಾರದಿಂದ ಅವಳು ಎಡಗೈಯಲ್ಲೇ ಆಡತೊಡಗಿದಳು. ಬಲಗೈಗೆ ಕೊರೆದ ಬಾಲ್ ಎಡಗೈಯಲ್ಲಿ ಹಿಡಿದರೆ ಎರಡು ಎಸೆತಕ್ಕೆ ಬೆರಳು ಸುಲಿದು ಬೊಬ್ಬೆ ಬರಬೇಕು. ಇವಳಿಗೆ ಏನೂ ಆಗಲಿಲ್ಲ. ಪಿನ್ನುಗಳು ಒಂದೊಂದು ಸಲವೂ ಗುಂಪಾಗಿ ಬೀಳುತ್ತಿದ್ದವು. ಸೆಂಟರ್‌ನವರೆಲ್ಲ ಚಪ್ಪಾಳೆ ಹೊಡೆದು "ಸಖತ್ ಗುರು" ಎನ್ನುತ್ತಿದ್ದರು.

ನಾನು ಅವಳನ್ನು ಕೋಣೆಗೆ ಎಳೆದುಕೊಂಡು ಹೋಗಿ ಕೂರಿಸಿ ಎಡಗೈ ಹಿಡಿದು ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಗಟ್ಟಿಯಾದ ಹಳದಿ ಜಡ್ಡು. ಅಂಥ ಜಡ್ಡು ಬರಲು ವರ್ಷಗಟ್ಟಲೆ ಆಡಬೇಕು. ಆ ಕೈಯಲ್ಲಿ ಅವಳು ಆಡಿದ್ದು ಒಂದು ವಾರ. ಆ ಜಡ್ಡು ನನಗೆ ಗೊತ್ತಿತ್ತು, ಸುಧೀಂದ್ರ ಅವರ ಕೈಯಲ್ಲಿ ಕಂಡದ್ದು. ಅದರ ಒಂದು ಅಂಚು ಸೀಳಿರುತ್ತಿತ್ತು, ಅದಕ್ಕೆ ನಾನೇ ಎಷ್ಟೋ ಸಲ ಟೇಪ್ ಸುತ್ತಿದ್ದೆ. ಈ ಜಡ್ಡಿನ ಅಂಚೂ ಅಲ್ಲೇ ಸೀಳಿತ್ತು.

"ಬೇರೆ ಬಾಲ್ ಕೊಡ್ತೀನಿ, ಇದನ್ನ ಬಿಡು" ಎಂದೆ.

ಅವಳು ಅಳತೊಡಗಿದಳು. "ಬ್ಯಾರೆ ಹಿಡಿದ್ರ ಕೈ ಮ್ಯಾಲ ಏಳವಲ್ದುರಿ. ನನ್ನ ಕೈ ನನ್ನ ಮಾತ ಕೇಳವಲ್ದು. ಎಲ್ಲಾರೂ ಚಲೋ ಆಡ್ತಿ ಅಂತಾರ. ಆಡೋದು ನಾ ಅಲ್ರಿ ಅಕ್ಕಾರ. ನನಗ ಹೆದ್ರಿಕಿ ಆಗಾಕತ್ತೈತಿ."

ನಾನು ದೆವ್ವ ಗಿವ್ವ ನಂಬುವವಳಲ್ಲ. ಆದರೆ ಆ ಹುಡುಗಿಯ ಕೈ ಹಿಡಿದಿದ್ದವಳು ನಾನು. ಅದು ಮಂಜುಗಡ್ಡೆಯಂತೆ ತಣ್ಣಗಿತ್ತು, ಇನ್ನೊಂದು ಕೈ ಬೆಚ್ಚಗಿತ್ತು. ಆವತ್ತೇ ರಜೆ ಹಾಕಿ ಜಯನಗರಕ್ಕೆ ಹೋದೆ.

ವಿಮಲಮ್ಮ ಬಾಗಿಲು ತೆರೆದವರು ನನ್ನ ಮುಖ ನೋಡಿಯೇ "ಬಾಲ್ ವಿಷಯಾನಾ?" ಎಂದರು. ಆಮೇಲೆ ಅವರೇ ಹೇಳಿದರು. ಮಂಚದ ಕೆಳಗೆ ಇಟ್ಟಿದ್ದ ಬಾಲ್ ದಿನಾ ಬೆಳಿಗ್ಗೆ ಬೀದಿ ಬಾಗಿಲ ಹತ್ತಿರ ಇರುತ್ತಿತ್ತಂತೆ, ಹೊರಗೆ ಹೋಗಲು ಕಾಯುವವರ ಹಾಗೆ. ನಾನು ಪೂಜೆಯ ಸಂಗತಿ ಹೇಳಿದೆ. ಅವರು ಗಲ್ಲಕ್ಕೆ ಕೈ ಕೊಟ್ಟು ಕೂತರು. "ಅಯ್ಯೋ ಭಾಗ್ಯ! ಅವರ ಬಾಲ್‌ಗೆ ಊದುಬತ್ತಿ ಹಚ್ಚಿ ಮಂತ್ರ ಹೇಳಿ ಕರೆದ್ರಿ. ಕದಲಿಸ್ದೆ ಆ ಮಗು ಕೈಗೆ ಕೊಟ್ರಿ. ಕರೆದೋರನ್ನ ಕಳಿಸ್ಬೇಡ್ವಾ? ಅವರು ಎಲ್ಲಿಗೆ ಅಂತ ಹೋಗ್ತಾರೆ?"

"ನೀವೇ ಕಳಿಸ್ಕೊಡಿ ಅಮ್ಮ. ಭಾನುವಾರ ಆಯ್ಕೆ ಇದೆ. ಆ ಹುಡುಗಿ ಅವಳ ಕೈಲಿ ಅವಳು ಆಡ್ಬೇಕು" ಎಂದೆ.

"ಬರ್ತೀನಿ. ಅವಳು ಶುರು ಮಾಡೋಕ್ ಮುಂಚೆನೇ ಬಂದು ಅವರನ್ನ ಕರ್ಕೊಂಡ್ ಹೋಗ್ತೀನಿ" ಎಂದು ನನ್ನ ಕೈ ಮುಟ್ಟಿ ಹೇಳಿದರು. ಆ ಭರವಸೆಯನ್ನು ನಾನು ಅಕ್ಷತಾಗೆ ಮುಟ್ಟಿಸಿದೆ. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಕಂಡಿತು. ಪಾಪ, ಹಳೆಯ ಪ್ಲಾಸ್ಟಿಕ್ ಬಾಲನ್ನು ಹೊರಗೆ ತೆಗೆದು ಅದರ ಹೊಳಪು ಹೋಗುವವರೆಗೆ ನನ್ನಿಂದಲೇ ಉಜ್ಜಿಸಿಕೊಂಡಳು. "ಅವರು ಹೋದ್ರ ನಾ ಇದ್ರಾಗ ಆಡ್ತೀನ್ರಿ. ಸೋತ್ರ ಸೋಲ್ತೀನಿ" ಎಂದಳು.

ಭಾನುವಾರ ಬೆಳಿಗ್ಗೆ ಸಣ್ಣ ಮಳೆ. ವಿಮಲಮ್ಮ ಹೇಳಿದ ಹೊತ್ತಿಗೆ ಬಂದರು. ಆಟಗಾರರ ಹಿಂದಿನ ಕುರ್ಚಿಯಲ್ಲಿ ಕೂತರು. ಅವರು ಒಯ್ಯಲೆಂದು ಕೆಂಪು ಬಾಲನ್ನೂ ಅಕ್ಷತಾಳ ಬಾಲಿನ ಪಕ್ಕ ತಂದಿಟ್ಟಿದ್ದೆ. ಅಕ್ಷತಾ ತನ್ನ ಬಾಲಿನ ಕಡೆ ಬಲಗೈ ಚಾಚಿದವಳು ಅರ್ಧದಲ್ಲಿ ನಿಂತು, ಎಡಗೈಯಲ್ಲಿ ಕೆಂಪು ಬಾಲ್ ಎತ್ತಿಕೊಂಡಳು. ಅವಳ ಎಡ ಹೆಗಲು ತಗ್ಗಿತು.

"ಈಗ ಹೇಳ್ಬಿಡಿ ಅಮ್ಮ" ಎಂದೆ.

"ಇರಮ್ಮ, ಒಂದ್ ನಿಮಿಷ" ಎಂದರು.

ಮೊದಲ ಆಟ ಮುಗಿಯಿತು. ಎರಡನೆಯದು ಶುರುವಾಯಿತು. ನಾನು ಅವರ ಭುಜ ಅಲ್ಲಾಡಿಸಿದೆ. "ಅಮ್ಮಾ, ಮಾತು ಕೊಟ್ಟಿದ್ರಿ! ಇದು ಆ ಹುಡುಗಿ ಪಾಳಿ, ಅವಳ ಬದುಕು!"

ಅವರು ನನ್ನತ್ತ ತಿರುಗಲೇ ಇಲ್ಲ. ಕಣ್ಣು ಲೇನಿನ ಮೇಲೆಯೇ ಇತ್ತು. ಮುಖ ಮದುಮಗಳಂತೆ ಕೆಂಪೇರಿತ್ತು. "ನೋಡು ಭಾಗ್ಯ, ಹೇಗೆ ಆಡ್ತಿದಾರೆ. ಒಂದ್ ಸಲಾನೂ ಹೀಗೆ ಆಡೋದು ನೋಡಿರ್ಲಿಲ್ಲ ನಾನು. ಮನೆ ಕೆಲಸ ಅಂತ ಒಂದ್ ದಿನಾನೂ ಬರ್ಲಿಲ್ಲ."

ನಾನೇ ಓಡಿಹೋಗಿ ಅವಳ ಕೈಯಿಂದ ಬಾಲ್ ಕಿತ್ತುಕೊಳ್ಳಲು ನೋಡಿದೆ. ಗೆರೆ ದಾಟಬೇಡಿ ಎಂದು ಅಲ್ಲಿದ್ದವರು ತಡೆದರು. ಏನಂತ ಹೇಳಲಿ ಅವರಿಗೆ? ಸಿಟ್ಟಿಗೂ ಸಂಕಟಕ್ಕೂ ನನಗೆ ಅಳು ಬಂತು. ಅಕ್ಷತಾಳ ಕಣ್ಣು ತೆರೆದೇ ಇತ್ತು, ಆದರೆ ನಾನು ಹೆಸರು ಹಿಡಿದು ಕೂಗಿದರೂ ಅದು ನನ್ನ ಕಡೆ ಹೊರಳಲಿಲ್ಲ. ಕೊನೆಯ ಎಸೆತದಲ್ಲಿ ಬಾಲ್ ಬಲಕ್ಕೆ ತಿರುಗಿ ಹತ್ತೂ ಪಿನ್ನುಗಳನ್ನು ಮಲಗಿಸಿತು. ಎಲ್ಲರೂ ಎದ್ದು ನಿಂತರು. ಬೋರ್ಡಿನಲ್ಲಿ ಅವಳ ಹೆಸರು ಎಲ್ಲಕ್ಕಿಂತ ಮೇಲೆ ಬಂತು.

ಆಗ ವಿಮಲಮ್ಮ ಎದ್ದು ಗೆರೆಯ ಹತ್ತಿರ ಹೋದರು.

"ರೀ, ಆಯ್ತಲ್ಲ. ಬನ್ನಿ, ಮನೆಗೆ ಹೋಗೋಣ."

ಅಕ್ಷತಾ ತಿರುಗಿದಳು. ಆ ಧಾರವಾಡದ ಹುಡುಗಿಯ ಬಾಯಲ್ಲಿ ಜಯನಗರದ ಮಾತು ಬಂತು. "ಬಂದೆ ಕಣೆ. ಮಳೆ ಬರ್ತಿದೆ, ಛತ್ರಿ ತಂದಿದೀಯ ತಾನೆ?"

"ತಂದಿದೀನಿ" ಎಂದರು ವಿಮಲಮ್ಮ.

ವಾಪಸು ಬಂದ ಕೆಂಪು ಬಾಲನ್ನು ಅವರು ಎರಡೂ ಕೈಯಿಂದ ಹಿಡಿದು ಕೊಂಚ ಉತ್ತರಕ್ಕೆ ಕದಲಿಸಿ, ಎತ್ತಿ ಚೀಲಕ್ಕೆ ಹಾಕಿಕೊಂಡರು. ಯಾರನ್ನೂ ನೋಡದೆ ಹೊರಟರು. ಗಾಜಿನ ಬಾಗಿಲಾಚೆ ಛತ್ರಿ ಬಿಚ್ಚಿ, ಪಕ್ಕದಲ್ಲಿ ಇನ್ನೊಬ್ಬರು ನೆನೆಯದ ಹಾಗೆ ಅದನ್ನು ಓರೆಯಾಗಿ ಹಿಡಿದು, ತಮ್ಮ ಒಂದು ಭುಜ ನೆನೆಸಿಕೊಂಡೇ ನಡೆದು ಹೋದರು.

ಅಕ್ಷತಾ ಅಲ್ಲೇ ಕುರ್ಚಿಯ ಮೇಲೆ ಕುಸಿದು ಕೂತಿದ್ದಳು. ನಾನು ಹೋಗಿ ಅವಳ ಎಡಗೈ ಹಿಡಿದೆ. ಬೆಚ್ಚಗಿತ್ತು. ಹೆಬ್ಬೆರಳಿನ ಬುಡ ಎಳೆಯ ಮಗುವಿನದರಂತೆ ಮೆತ್ತಗಿತ್ತು. ಜನ ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು. ಅವಳು ಸುತ್ತ ನೋಡಿದಳು, ಚಪ್ಪಾಳೆ ಯಾರಿಗೆಂದು ತಿಳಿಯದೆ ತಾನೂ ಎರಡು ಸಲ ತಟ್ಟಿದಳು. ಆಮೇಲೆ ತನ್ನ ಹಳೆಯ ಬಾಲನ್ನು ಮಡಿಲಿಗೆ ಎತ್ತಿಕೊಂಡು, ಬಲಗೈಯನ್ನು ಟವೆಲಿಗೆ ಒರೆಸಿಕೊಳ್ಳುತ್ತ ನನ್ನ ಮುಖ ನೋಡಿದಳು.

"ಅವರು ಹೋದ್ರಲ್ರಿ ಅಕ್ಕಾರ? ಮೈ ಹಗುರಾತು ನೋಡ್ರಿ. ಈಗ ನಾ ಹೆದರಂಗಿಲ್ಲ. ನನ್ನ ಪಾಳಿ ಯಾವಾಗ್ರಿ?"